ತವರೋ ಮೈಸೂರೋ, ಒಳಲೆಯೋ ಬಾಟಲಿಯೋ: ಬಾಣಂತಿಯ ಮೊದಲ ಮೂರು ತಿಂಗಳ ಆಯ್ಕೆಗಳು

ನನ್ನ ಮೊದಲ ಬಾಣಂತನ ಆದದ್ದು ಪಾಂಡವಪುರದ ಹತ್ತಿರ, ತವರಿನಲ್ಲಿ. ಎರಡನೆಯದು ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿ. ಮಕ್ಕಳ ನಡುವೆ ಐದು ವರ್ಷದ ಅಂತರ. ಮೊದಲನೆಯವಳಿಗೆ ಹನ್ನೊಂದು ದಿನ ತುಂಬುವುದರೊಳಗೆ ಡಬ್ಬದ ಹಾಲು ಶುರುವಾಯಿತು, ಎರಡು ತಿಂಗಳಿಗೆ ಎದೆಹಾಲು ನಿಂತೇಹೋಯಿತು. ಎರಡನೆಯವನು ಆರು ತಿಂಗಳು ತುಂಬುವವರೆಗೆ ನನ್ನ ಹಾಲು ಬಿಟ್ಟು ಒಂದು ಹನಿ ನೀರನ್ನೂ ಕುಡಿಯಲಿಲ್ಲ. ಹೆತ್ತವಳು ನಾನೇ, ಮೈಯೂ ಅದೇ. ಬೇರೆಯಾಗಿದ್ದದ್ದು ಮನೆಯವರು, ನಾನು ಮಾಡಿಕೊಂಡ ಆಯ್ಕೆಗಳು.

ಈಗ ನನ್ನ ತಂಗಿ ಏಳು ತಿಂಗಳ ಬಸುರಿ. ಸೀಮಂತದ ಸೀರೆಯ ಮಾತು ಮುಗಿದ ಮೇಲೆ ಅವಳು ಕೇಳುವುದೆಲ್ಲ ಇಂಥವೇ: ತವರಿಗೆ ಹೋಗಲಾ, ಇಲ್ಲೇ ಇರಲಾ? ಬಾಟಲಿ ತೆಗೆದಿಟ್ಟುಕೊಳ್ಳಲಾ? ಹಾಲು ಸಾಲದಿದ್ದರೆ ಏನು ಕೊಡಲಿ? ಅವಳಿಗೆ ನಾನು ಕೊಟ್ಟ ಅಳತೆಗೋಲು ಇಷ್ಟೇ. ಯಾವ ಆಯ್ಕೆ ಎದುರಿಗೆ ಬಂದರೂ ಎರಡು ಪ್ರಶ್ನೆ ಹಾಕಿಕೋ: ಇದರಿಂದ ಮಗು ಎದೆಗೆ ಹತ್ತಿರವಾಗುತ್ತದೋ, ದೂರವಾಗುತ್ತದೋ? ನಿನಗೆ ನಿದ್ದೆ ಸಿಗುತ್ತದೋ, ಇಲ್ಲವೋ? ಕೆಳಗಿನದೆಲ್ಲ ಆ ಎರಡು ಪ್ರಶ್ನೆಗಳನ್ನು ಹಿಡಿದು ಬರೆದದ್ದು.

ಹೆರಿಗೆ ಎಲ್ಲಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಡಾಕ್ಟರು ಹೇಳುವುದು ನನ್ನ ಮಾತಿಗಿಂತ ಮುಖ್ಯ. ರಕ್ತದೊತ್ತಡ, ಸಕ್ಕರೆ, ಅವಳಿ, ತಿಂಗಳು ತುಂಬುವ ಮೊದಲೇ ನೋವು ಬರುವ ಸಾಧ್ಯತೆ ಇವುಗಳಲ್ಲಿ ಯಾವುದಾದರೂ ಇದ್ದರೆ, ರಕ್ತನಿಧಿಯೂ ನವಜಾತ ಶಿಶುಗಳ ತೀವ್ರ ನಿಗಾ ಘಟಕವೂ ಒಂದೇ ಆವರಣದಲ್ಲಿ ಇರುವ ಕಡೆಗೇ ಹೋಗಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯ ಪಕ್ಕದ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್ ಇಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಚೆಲುವಾಂಬಕ್ಕೆ ಸುತ್ತಲ ಜಿಲ್ಲೆಗಳಿಂದಲೂ ಬರುತ್ತಾರೆ, ಜನಜಂಗುಳಿ ಇದ್ದೇ ಇರುತ್ತದೆ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೋಣೆ ನಿಮ್ಮದು, ಜೊತೆಗೆ ಇಬ್ಬರು ಕೂರಬಹುದು, ಬಿಲ್ಲೂ ನಿಮ್ಮದೇ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಬಸುರಿಯಾದಾಗ ಆರೋಗ್ಯ ಕೇಂದ್ರದಲ್ಲಿ ಕೊಡುವ ತಾಯಿ ಕಾರ್ಡ್ ಜೊತೆಗಿರಲಿ.

ಎಲ್ಲಿಗೇ ಹೋದರೂ ಮುಂಚೆಯೇ ಕೇಳಬೇಕಾದ ಮೂರು ಮಾತುಗಳಿವೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಕೊಡುತ್ತೀರಾ? ಸಿಸೇರಿಯನ್ ಆದರೂ ಕೊಡುತ್ತೀರಾ? ನನ್ನನ್ನು ಕೇಳದೆ ಪುಡಿಹಾಲು ಕೊಡುವುದಿಲ್ಲ ತಾನೆ? ಮೊದಲ ಹೆರಿಗೆಯಲ್ಲಿ ನಾನು ಇದನ್ನು ಕೇಳಿರಲಿಲ್ಲ. ಅರಿವಳಿಕೆ ಇಳಿದು ನನಗೆ ಮಗುವನ್ನು ತಂದುಕೊಡುವ ಹೊತ್ತಿಗೆ ಅವಳು ಬಾಟಲಿಯಲ್ಲಿ ಎರಡು ಸಲ ಕುಡಿದಾಗಿತ್ತು. ಎದೆಗೆ ಹಿಡಿದರೆ ಮುಖ ತಿರುಗಿಸಿ ನಿದ್ದೆ ಹೋದಳು. ಆ ಸಂಜೆ ಅತ್ತದ್ದು ಇವತ್ತಿಗೂ ನೆನಪಿದೆ.

ತವರಿನ ಬಾಣಂತನ, ಮೈಸೂರಿನ ಮನೆ, ಅಥವಾ ಅಮ್ಮನೇ ಇಲ್ಲಿಗೆ ಬರುವುದು

ತವರಿನ ಸುಖವನ್ನು ಬೇರೆ ಯಾವುದೂ ಕೊಡಲಾರದು. ಬೆಳಿಗ್ಗೆ ಎದ್ದರೆ ಬಚ್ಚಲ ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ. ಅಮ್ಮ ಬೆನ್ನಿಗೆ ಎಣ್ಣೆ ಹಚ್ಚುತ್ತಾಳೆ, ಚಿಕ್ಕಮ್ಮ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಾಳೆ, ಬಿಸಿ ಅನ್ನಕ್ಕೆ ತುಪ್ಪ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ತಟ್ಟೆಗೇ ಬರುತ್ತದೆ. ಎರಡನೇ ಪ್ರಶ್ನೆಗೆ, ಅಂದರೆ ನಿದ್ದೆಗೆ, ತವರಿನಷ್ಟು ಒಳ್ಳೆಯ ಉತ್ತರ ಇಲ್ಲ.

ಮೊದಲ ಪ್ರಶ್ನೆಗೆ ಮಾತ್ರ ಎಲ್ಲ ತವರೂ ಒಂದೇ ಉತ್ತರ ಕೊಡುವುದಿಲ್ಲ. ನಮ್ಮಲ್ಲಿ ಹಸಿಮೈಯವಳು ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಎಂದು ಲೋಟ ಲೆಕ್ಕಹಾಕಿ ಕೊಟ್ಟರು. ಬೇಳೆ ಬೇಡ, ಹಣ್ಣು ಬೇಡ, ಮೊಸರು ಬೇಡ. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೇ ಬೇಕು. ನಾನು ಬಸುರಿಯಾಗಿದ್ದಾಗಿನದಕ್ಕಿಂತ ಕಡಿಮೆ ಉಣ್ಣುತ್ತಿದ್ದೆ. ಬಾಯಾರಿದಷ್ಟೂ ಕುಡಿಯಬೇಕು, ಹಸಿದಷ್ಟೂ ಉಣ್ಣಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ನುಂಗಬೇಕು, ಬಾಣಂತನದ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದು ಇದೇ. ಬೆಳ್ಳುಳ್ಳಿ, ಮೆಂತ್ಯ, ಒಣಕೊಬ್ಬರಿ ಎಲ್ಲ ಇರಲಿ, ಅವುಗಳ ಜೊತೆಗೆ ಬೇಳೆ, ಮೊಟ್ಟೆ, ಸೊಪ್ಪು, ಮುದ್ದೆಯೂ ಇರಲಿ.

ಇನ್ನೊಂದು, ಹೊಗೆ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಗುವಿನ ತಲೆಕೂದಲು ಆರಿಸುವುದು ನೋಡಲು ಚೆಂದ, ಆ ಪುಟ್ಟ ಶ್ವಾಸಕೋಶಕ್ಕೆ ಕಷ್ಟ. ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು ಎಂದು ಎರಡನೇ ಬಾಣಂತನದಲ್ಲಿ ಅಮ್ಮನಿಗೆ ಹೇಳಿದೆ. ಮೊದಲು ಮುನಿಸಿಕೊಂಡಳು, ಆಮೇಲೆ ಒಪ್ಪಿದಳು.

ಮೈಸೂರಿನ ನಿಮ್ಮ ಮನೆಯಲ್ಲೇ ಉಳಿದರೆ ಗಂಡ ಮಗುವನ್ನು ಎತ್ತಿಕೊಳ್ಳಲು, ತೇಗು ಬರಿಸಲು, ಬಟ್ಟೆ ಬದಲಿಸಲು ಮೊದಲ ದಿನದಿಂದಲೇ ಕಲಿಯುತ್ತಾನೆ. ಮೂರು ತಿಂಗಳ ನಂತರ ಬಂದ ಮಗುವಿಗೆ ಅಪ್ಪ ನೆಂಟನಂತಿರುತ್ತಾನೆ, ಅದು ತವರಿನ ಬಾಣಂತನದ ನಿಜವಾದ ನಷ್ಟ. ಆದರೆ ಅತ್ತೆಯೂ ಅಮ್ಮನೂ ಇಲ್ಲದೆ ಇಬ್ಬರೇ ಇದ್ದು, ಅವನು ಹತ್ತನೇ ದಿನಕ್ಕೆ ಕೆಲಸಕ್ಕೆ ಹೊರಟರೆ, ಅದು ಬಾಣಂತನವೇ ಅಲ್ಲ. ಹಾಗಾಗಿ ಆಗುವುದಾದರೆ ನಾನು ಹೇಳುವುದು ಮೂರನೆಯದನ್ನು: ಅಮ್ಮನೋ ಅತ್ತೆಯೋ ನಲವತ್ತು ದಿನ ಇಲ್ಲಿಗೇ ಬಂದು ಇರಲಿ. ಊರಲ್ಲಿ ಹಸು ಕರು ಬಿಟ್ಟು ಬರಲಾಗದವರಿಗೆ ಇದು ಸುಲಭವಲ್ಲ, ಗೊತ್ತು. ಹಾಗಿದ್ದರೆ ತವರಿಗೇ ಹೋಗಿ, ಗಂಡ ಶನಿವಾರ ಭಾನುವಾರ ಬರಲಿ, ಬಂದಾಗ ನೆಂಟನಂತೆ ಕೂರದೆ ರಾತ್ರಿಯ ಸರದಿ ತೆಗೆದುಕೊಳ್ಳಲಿ. ಬೆಳಿಗ್ಗೆ ನೀರು ಹಾಕಲು ಬರುವ ಅಜ್ಜಿಯರು ಮೈಸೂರಿನ ಬಡಾವಣೆಗಳಲ್ಲಿ ಇನ್ನೂ ಸಿಗುತ್ತಾರೆ, ಕೇಳಿ ನೋಡಿ. ಕೈ ಬಲವಾಗಿರುವವರಿಗಿಂತ ಮೃದುವಾಗಿರುವವರು ಒಳ್ಳೆಯದು. ಮೂಗಿಗೆ ಎಣ್ಣೆ ಬಿಡುವುದು, ಬಾಯಿಗೆ ಬೆರಳು ಹಾಕಿ ಕಫ ತೆಗೆಯುವುದು, ಹೊಕ್ಕುಳಿಗೆ ಬೂದಿ ಅರಿಸಿನ ಹಚ್ಚುವುದು ಬೇಡ ಎಂದು ಮೊದಲ ದಿನವೇ ಹೇಳಿಬಿಡಿ. ಹೊಕ್ಕುಳುಬಳ್ಳಿ ಒಣಗಿದ್ದಷ್ಟು ಒಳ್ಳೆಯದು.

ತವರಿಗೆ ಹೋಗುವವರು ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ತೂಕ ನೋಡುವ ಆ ಭೇಟಿಗಳು ಮುಂದಿನ ಮಾತಿಗೆ ಬಹಳ ಮುಖ್ಯ.

ಹಾಲು ಸಾಲುತ್ತಿಲ್ಲ ಅನಿಸಿದಾಗ

"ಹಾಲು ಸಾಲ್ತಾ ಇಲ್ಲ ಕಣವ್ವ, ಕೂಸು ಹಸ್ಕೊಂಡದೆ." ಮಂಡ್ಯ ಸೀಮೆಯ ಯಾವ ಬಾಣಂತಿ ಈ ಮಾತು ಕೇಳಿಲ್ಲ? ಹೇಳುವವರದು ಪ್ರೀತಿಯೇ. ಆದರೆ ಎಷ್ಟೋ ತಾಯಂದಿರ ಹಾಲು ನಿಲ್ಲುವುದಕ್ಕೆ ದಾರಿ ತೆರೆಯುವುದು ಈ ಒಂದು ವಾಕ್ಯ.

ಮೊದಲು ನಿಜವಾಗಿ ಸಾಲುತ್ತಿಲ್ಲವೇ ನೋಡಿ. ಮೊದಲ ದಿನ ಮಗುವಿನ ಹೊಟ್ಟೆ ಗೋಲಿಯಷ್ಟಿರುತ್ತದೆ, ಒಂದು ಸಲಕ್ಕೆ ಒಂದು ಟೀ ಚಮಚದಷ್ಟು ಸಾಕು. ಆ ದಿನಗಳಲ್ಲಿ ಬರುವ ಹಳದಿ ಗಿಣ್ಣುಹಾಲು ಅಷ್ಟೇ ಇರುತ್ತದೆ, ಅದನ್ನು ಹಿಂಡಿ ಚೆಲ್ಲಬಾರದು, ಮಗುವಿಗೆ ಮೊದಲ ರಕ್ಷಣೆ ಅದೇ. ಎದೆ ತುಂಬಿ ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನಕ್ಕೆ, ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ಅದು ತಿಳಿಯಾಗಿದ್ದರೆ, ಕಕ್ಕ ಹಳದಿಯಾಗಿದ್ದರೆ, ವಾರಕ್ಕೆ 150 ಗ್ರಾಂ ಮೇಲೆ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ, ಅದು ಎಷ್ಟೇ ಅಳಲಿ. ಸಂಜೆ ಹೊತ್ತು ಗಂಟೆಗಟ್ಟಲೆ ಎದೆ ಬಿಡದೆ ಕೂಗುವುದು, ಮೂರನೇ ವಾರ, ಆರನೇ ವಾರದ ಸುಮಾರಿಗೆ ಇದ್ದಕ್ಕಿದ್ದಂತೆ ಹೆಚ್ಚು ಕೇಳುವುದು ಇವು ಕೊರತೆಯ ಗುರುತಲ್ಲ. ಮುಂದಿನ ವಾರಕ್ಕೆ ಬೇಕಾದ ಹಾಲನ್ನು ಮಗು ಹೀಗೆ ಕೇಳಿ ಪಡೆಯುತ್ತದೆ. ಎದೆ ಖಾಲಿಯಾದಷ್ಟೂ ಹಾಲು ಹುಟ್ಟುತ್ತದೆ. ಒಂದು ಹೊತ್ತು ಡಬ್ಬದ ಹಾಲು ಕೊಟ್ಟರೆ ಆ ಹೊತ್ತಿನ ಕೇಳಿಕೆ ಎದೆಗೆ ಮುಟ್ಟುವುದೇ ಇಲ್ಲ, ನಾಳೆ ಅಷ್ಟು ಕಡಿಮೆ. ನನ್ನ ಮೊದಲ ಮಗುವಿಗೆ ಆದದ್ದು ಇದೇ, ಒಂದು ಹೊತ್ತು ಎರಡಾಯಿತು, ಎರಡು ನಾಲ್ಕಾಯಿತು.

ಈಗ ಆಯ್ಕೆಗಳನ್ನು ನಾನು ಎಣಿಸುವ ಕ್ರಮದಲ್ಲಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಹಿಡಿತ ಸರಿಮಾಡುವುದು. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಬಿಡದೆ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಬೇಕು, ಗಲ್ಲ ಎದೆಗೆ ಒತ್ತಿರಬೇಕು, ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆದು ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟು ಮಾತ್ರ ಬಾಯಲ್ಲಿದ್ದರೆ ನೋಯುತ್ತದೆ, ಬಿರಿಯುತ್ತದೆ, ಹಾಲೂ ಬರುವುದಿಲ್ಲ. ಹೊಲಿಗೆ ಹಾಕಿದ ಹೊಟ್ಟೆಯವರು ಮಗ್ಗುಲಾಗಿ ಮಲಗಿಯೋ, ಮಗುವನ್ನು ಕಂಕುಳ ಕೆಳಗಿನಿಂದ ತಂದೋ ಕೊಡಬಹುದು. ನನಗೆ ಎರಡನೇ ಸಲ ಇದನ್ನು ವಾರ್ಡಿನ ನರ್ಸ್ ಒಬ್ಬರು ಪಕ್ಕದಲ್ಲಿ ಕೂತು ಅರ್ಧ ಗಂಟೆ ತೋರಿಸಿದರು. ಆ ಅರ್ಧ ಗಂಟೆ ಎಷ್ಟೋ ಡಬ್ಬಗಳನ್ನು ಉಳಿಸಿತು.

ಆಮೇಲೆ ಹಿಂಡಿದ ನಿಮ್ಮದೇ ಹಾಲು. ಮಗು ಚೀಪಲು ಆಗದಷ್ಟು ಸಣ್ಣದಿದ್ದರೆ, ನಿಮ್ಮಿಂದ ಬೇರೆ ವಾರ್ಡಿನಲ್ಲಿದ್ದರೆ, ಅಥವಾ ನೀವು ಮೂರು ತಾಸು ನಿದ್ದೆ ಮಾಡಲೇಬೇಕಾದರೆ ಇದೇ ಸರಿ. ಮೊದಲ ಎರಡು ಮೂರು ದಿನ ಕೈಯಲ್ಲಿ ಹಿಂಡುವುದು ಪಂಪಿಗಿಂತ ಮೇಲು, ಗಿಣ್ಣುಹಾಲು ಗಟ್ಟಿಯಾಗಿ ಹನಿಹನಿ ಬರುತ್ತದೆ, ಪಂಪಿನ ಗೋಡೆಗೇ ಅಂಟಿಹೋಗುತ್ತದೆ. ಕೆಲಸಕ್ಕೆ ಮರಳಿದ ಮೇಲೆ ಕರೆಂಟಿನ ಪಂಪ್ ಅನುಕೂಲ. ಮದ್ದೂರು ಕಡೆಯ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹುಡುಗಿಯರು ಊಟದ ಹೊತ್ತಿನಲ್ಲಿ ಕೈಯಲ್ಲೇ ಹಿಂಡುವುದನ್ನೂ ಕಲಿತಿರುತ್ತಾರೆ. ಮುಚ್ಚಿದ ಸ್ಟೀಲ್ ಬಟ್ಟಲಲ್ಲಿ ತಂಪು ಜಾಗದಲ್ಲಿ ನಾಲ್ಕು ಗಂಟೆ ಇಡಬಹುದು, ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಅಷ್ಟೂ ಇಡಬೇಡಿ. ಫ್ರಿಜ್ಜಿನ ಒಳಭಾಗದಲ್ಲಿ, ಬಾಗಿಲಲ್ಲಲ್ಲ, ಒಂದು ದಿನ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟರೆ ಸಾಕು.

ಮೂರನೆಯದು ಪುಡಿಹಾಲು. ತೂಕ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದಿದ್ದರೆ, ಮಗುವಿನ ರಕ್ತದಲ್ಲಿ ಸಕ್ಕರೆ ಅಂಶ ಕಡಿಮೆಯಾಗಿದ್ದರೆ, ತಾಯಿ ಹಾಲೂಡಬಾರದಂಥ ಔಷಧಿಯಲ್ಲಿದ್ದರೆ ಮಕ್ಕಳ ಡಾಕ್ಟರು ಇದನ್ನು ಬರೆದುಕೊಡುತ್ತಾರೆ. ಆಗ ಸಂಕಟಪಡದೆ ಕೊಡಿ, ಅದು ಮಗುವಿನ ಆಹಾರ, ಅದನ್ನು ಕುಡಿಸಿದ ತಾಯಿ ಯಾರಿಗೂ ಕಡಿಮೆಯಲ್ಲ. ಬರೆದುಕೊಡದೆ ಅಂಗಡಿಯವರ ಮಾತಿಗೆ ತರಬೇಡಿ. 1992ರ ಕಾಯ್ದೆಯ ಪ್ರಕಾರ ಈ ಪುಡಿಗೂ ಹಾಲಿನ ಬಾಟಲಿಗೂ ಜಾಹೀರಾತು ಕೊಡುವಂತಿಲ್ಲ, ಸ್ಯಾಂಪಲ್ ಹಂಚುವಂತಿಲ್ಲ. ಬಿಟ್ಟಿ ಡಬ್ಬ ಕೈಗೆ ಬಂದರೆ ಹಿಂದಕ್ಕೆ ಕೊಡಿ. ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿ: ನಾಲ್ಕು ಕಿಲೋ ತೂಗುವ ಮಗು ಪೂರ್ತಿ ಪುಡಿಹಾಲಿನ ಮೇಲಿದ್ದರೆ ದಿನಕ್ಕೆ ಸುಮಾರು 600 ಮಿಲಿಲೀಟರ್ ಕುಡಿಯುತ್ತದೆ, 400 ಗ್ರಾಮಿನ ಡಬ್ಬ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ತಿಂಗಳಿಗೆ ಆರೇಳು ಡಬ್ಬ. ಈ ಲೆಕ್ಕ ಗೊತ್ತಿಲ್ಲದೆ ಶುರುಮಾಡಿದವರು ತಿಂಗಳ ಕೊನೆಗೆ ನೀರು ಹೆಚ್ಚು ಬೆರೆಸುತ್ತಾರೆ, ಮಗು ಹೊಟ್ಟೆ ತುಂಬಿದಂತೆ ಕಂಡು ಸೊರಗುತ್ತದೆ. ಅಳತೆ ಡಬ್ಬದ ಮೇಲೆ ಬರೆದಷ್ಟೇ. ನೀರು ಮೊದಲು, ಆಮೇಲೆ ಚಮಚ ಸಮ ಮಾಡಿ ಪುಡಿ. ಕುದಿಸಿದ ನೀರು ಅರ್ಧ ಗಂಟೆಗಿಂತ ಹೆಚ್ಚು ಆರುವ ಮೊದಲೇ, ಇನ್ನೂ 70 ಡಿಗ್ರಿಗಿಂತ ಬಿಸಿ ಇರುವಾಗ ಪುಡಿ ಹಾಕಬೇಕು, ಪುಡಿಯಲ್ಲಿರಬಹುದಾದ ರೋಗಾಣು ಸಾಯುವುದು ಆ ಬಿಸಿಗೆ. ಕದಡಿ, ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಎರಡು ಗಂಟೆ ಕಳೆದದ್ದನ್ನು ಚೆಲ್ಲಿ.

ಹಸುವಿನ ಹಾಲು ಈ ಸಾಲಿನಲ್ಲಿ ಇಲ್ಲವೇ ಇಲ್ಲ. ಮನೆಯ ಕೊಟ್ಟಿಗೆಯಲ್ಲಿ ಕರೆದದ್ದಾಗಲಿ, ಡೈರಿಯ ಪ್ಯಾಕೆಟ್ ಆಗಲಿ, ನೀರು ಬೆರೆಸಿದ್ದಾಗಲಿ, ವರ್ಷ ತುಂಬುವವರೆಗೆ ಎದೆಹಾಲಿನ ಬದಲಿಗೆ ಬೇಡ. ಅದರಲ್ಲಿ ಕಬ್ಬಿಣ ಕಡಿಮೆ, ಪ್ರೋಟೀನು ಉಪ್ಪಿನ ಅಂಶ ಎಳೆಯ ಮೂತ್ರಪಿಂಡಕ್ಕೆ ಹೆಚ್ಚು. ಹೈನು ಮಾಡುವ ಮಂಡ್ಯದ ಮನೆಗಳಲ್ಲಿ ಇದನ್ನು ಒಪ್ಪಿಸುವುದು ಕಷ್ಟ, "ನಾವೆಲ್ಲ ಇದ್ರಲ್ಲೇ ಬೆಳೆದಿಲ್ವಾ" ಅಂತಾರೆ. ಬೀದಿಯಲ್ಲಿ ಕೂಗಿಕೊಂಡು ಬರುವ ಕತ್ತೆಹಾಲೂ ಬೇಡ, ಹಸಿಹಾಲಿನ ಸೋಂಕು ಮಗುವಿಗೆ ತಡೆಯಲಾಗದು. ಜೇನುತುಪ್ಪ ವರ್ಷದೊಳಗೆ ನಾಲಿಗೆಗೆ ತಾಗಿಸಲೂ ಬಾರದು. ಬಜೆ ತೇಯ್ದು ಹಾಕುವುದು, ಗ್ರೈಪ್ ವಾಟರ್, ಸಕ್ಕರೆ ನೀರು ಇವೂ ಆರು ತಿಂಗಳೊಳಗೆ ಬೇಕಿಲ್ಲ. ರಾಗಿ ಸರಿಗೆ ಆರು ತಿಂಗಳು ತುಂಬಲಿ.

ಒಳಲೆ, ಚಮಚ, ಬಾಟಲಿ

ಹಿಂಡಿದ ಹಾಲೋ ಪುಡಿಹಾಲೋ, ಯಾವುದರಲ್ಲಿ ಕುಡಿಸುವುದು? ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ: ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು.

ಬಾಟಲಿಯಲ್ಲಿ ಹಾಲು ಸುಲಭವಾಗಿ ಸುರಿಯುತ್ತದೆ, ನಾಲಿಗೆ ಮಾಡಬೇಕಾದ ಕೆಲಸವೂ ಬೇರೆ. ಅದಕ್ಕೆ ಒಗ್ಗಿದ ಎಷ್ಟೋ ಮಕ್ಕಳು ಎದೆಗೆ ಬಂದರೆ ಒಂದೆರಡು ಸಲ ಚೀಪಿ ಸಿಟ್ಟಾಗಿ ಕೂಗುತ್ತವೆ. ಮೊಲೆತೊಟ್ಟಿನಂಥ ಆ ರಬ್ಬರಿನ ಒಳಗೆ, ಬಾಟಲಿಯ ಕತ್ತಿನ ತಿರುಪಿನಲ್ಲಿ ಹಾಲಿನ ಜಿಡ್ಡು ನಿಲ್ಲುತ್ತದೆ, ಭೇದಿಗೆ ಅದೇ ಮೂಲ. ಒಳಲೆಗೆ ಮೂಲೆಯೂ ಇಲ್ಲ, ತಿರುಪೂ ಇಲ್ಲ. ಸೋಪಿನಲ್ಲಿ ತಿಕ್ಕಿ ಹತ್ತು ನಿಮಿಷ ಕುದಿಸಿದರೆ ಮುಗಿಯಿತು. ಸ್ಟೀಲಿನದು ಮೈಸೂರಿನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ಅಜ್ಜಿಯ ಕಾಲದ ಬೆಳ್ಳಿಯದಿದ್ದರೆ ಇನ್ನೂ ಸಂತೋಷ.

ಆದರೆ ಹಳೆಯ ರೀತಿಯಲ್ಲಿ ಬೇಡ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುವಾಗ ತೆರೆದ ಬಾಯಿಗೆ ಸುರಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ. ಎಚ್ಚರವಾಗಿರುವ ಮಗುವನ್ನು ತೊಡೆಯ ಮೇಲೆ ಅರೆಗೂತಂತೆ ಎತ್ತಿ ಹಿಡಿಯಿರಿ. ಒಳಲೆಯ ಮೂತಿ ಕೆಳತುಟಿಯ ಮೇಲೆ, ಬಾಯಿಯ ಅಂಚಿಗೆ ಮೆಲ್ಲಗೆ ಕೂರಲಿ. ಕೆಲವೇ ಹನಿ ಬಾಗಿಸಿ, ನುಂಗಿದ್ದನ್ನು ನೋಡಿ, ಮತ್ತೆ ಕೆಲವು ಹನಿ. ಮಗು ಬಾಯಿ ಮುಚ್ಚಿದರೆ ಅಲ್ಲಿಗೆ ಸಾಕು. ಮೊದಲ ಎರಡು ದಿನ ಅರ್ಧ ಹಾಲು ಕತ್ತಿಗೆ ಇಳಿಯುತ್ತದೆ, ಕೆಳಗೆ ಬಟ್ಟೆ ಇಡಿ. ಚಮಚವೂ ಆದೀತು, ನಿಧಾನ ಅಷ್ಟೇ. ಬಾಟಲಿಯ ಒಂದೇ ಅನುಕೂಲ ಯಾರು ಬೇಕಾದರೂ ಬೇಗ ಕುಡಿಸಬಹುದು ಎಂಬುದು. ನನ್ನ ಗಂಡ ಮೂರನೇ ದಿನಕ್ಕೆ ಒಳಲೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ಕುಡಿಸುವುದನ್ನು ಕಲಿತರು, ಹಾಗಾಗಿ ಆ ಅನುಕೂಲವೂ ನಮಗೆ ಬೇಕಾಗಲಿಲ್ಲ.

ಬಟ್ಟೆ, ಡೈಪರ್

ಹಳೆ ಪಂಚೆ, ಹಳೆ ಕಾಟನ್ ಸೀರೆ ಹರಿದ ತುಂಡುಗಳು ಮೊದಲ ತಿಂಗಳಿಗೆ ಒಳ್ಳೆಯದು, ಉಚ್ಚೆಯ ಲೆಕ್ಕ ಅದರಲ್ಲೇ ಸಿಗುತ್ತದೆ. ಡೈಪರಿನಲ್ಲಿ ಆ ಲೆಕ್ಕ ತಪ್ಪುತ್ತದೆ. ರಾತ್ರಿಗೆ ಒಂದು ಡೈಪರ್ ಹಾಕಿದರೆ ನಿಮಗೆ ನಿದ್ದೆ ಬರುತ್ತದೆ ಎಂದಾದರೆ ಹಾಕಿ. ಜೂನ್ ಜುಲೈನ ಸೋನೆಮಳೆಯಲ್ಲಿ ಬಟ್ಟೆ ಒಣಗದಾಗಲೂ ಅಷ್ಟೇ. ಕೆಂಪಗಾದರೆ ಬಿಚ್ಚಿ ಗಾಳಿಗೆ ಬಿಡಿ.

ಹೋಲಿಸಿ ನೋಡುತ್ತ ಕೂರಬಾರದ ಹೊತ್ತು

ಬಾಣಂತಿಗೆ ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ಅದನ್ನು ಸೊಕ್ಕು ಎಂದೋ ದೃಷ್ಟಿ ಎಂದೋ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬಟ್ಟೆ ಗಂಟೆಗೊಂದು ತೊಯ್ಯುವಷ್ಟು ರಕ್ತ ಹೋದರೆ, ಜ್ವರ ಬಂದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ.

ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಸಪ್ಪಗಾದರೆ, ಮೈ ಸುಟ್ಟರೆ ಅಥವಾ ಅಂಗಾಲು ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಸೆಟೆದರೆ, ಕಾಮಾಲೆಯ ಹಳದಿ ಮೊದಲ ದಿನವೇ ಕಂಡರೆ ಅಥವಾ ಅಂಗೈ ಅಂಗಾಲಿಗೆ ಇಳಿದರೆ, ಎಳೆಬಿಸಿಲು ತೋರಿಸುತ್ತ ಕಾಯಬೇಡಿ. 108ಕ್ಕೆ ಕರೆಮಾಡಿ. ತಾಯಿ ಕಾರ್ಡ್ ತೆಗೆದುಕೊಳ್ಳಿ, ಮಗುವಿನ ಬಟ್ಟೆ ಬಿಚ್ಚಿ ನಿಮ್ಮ ಎದೆಯ ಚರ್ಮಕ್ಕೆ ಅವಚಿ, ಮೇಲಿಂದ ಹೊದಿಕೆ ಸುತ್ತಿ, ದಾರಿಯುದ್ದಕ್ಕೂ ಹಾಗೇ ಹಿಡಿದುಕೊಂಡು ಹೋಗಿ. ಮೈ ಸುಡುತ್ತಿದ್ದರೆ ಮಾತ್ರ ಹೊದಿಕೆ ಬೇಡ.